ಎಂಟು ಓಂ ಸ್ಪೀಕರ್ ಆಂಪ್ಲಿಫೈಯರ್‌ಗೆ ಸಾವಿರ ಓಂ ಆಗಿ ಕಾಣುವುದು ಹೇಗೆ?

ಶಾಲೆ, ಬಸ್ ನಿಲ್ದಾಣ, ದೇವಸ್ಥಾನಗಳ ಗೋಡೆಯಲ್ಲಿರುವ ಸ್ಪೀಕರ್ ಡಬ್ಬಿಯ ಹಿಂದಿನ ಮುಚ್ಚಳ ತೆಗೆದರೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದು ಸಿಗುತ್ತದೆ. ಅದರ ಮೇಲೆ 100 ವೋಲ್ಟ್, 10 ವ್ಯಾಟ್, 1000 ಓಂ ಎಂಬಂಥ ಬರಹ ಇರುತ್ತದೆ. ಮಲ್ಟಿಮೀಟರ್ ಅನ್ನು ಓಂ ಸ್ಥಾನಕ್ಕೆ ತಿರುಗಿಸಿ ಅದೇ ತಂತಿಗಳಿಗೆ ಹಿಡಿದರೆ 1000 ಬರುವುದಿಲ್ಲ, 50ರ ಆಸುಪಾಸು ಬರುತ್ತದೆ. ಸ್ಪೀಕರ್‌ನ ಬೆನ್ನ ಮೇಲೆ ನೋಡಿದರೆ 8 ಓಂ ಎಂದಿದೆ. ಒಂದೇ ಡಬ್ಬಿಯಲ್ಲಿ ಮೂರು ಸಂಖ್ಯೆಗಳು, ಮೂರೂ ಸರಿ. ಇವುಗಳ ನಡುವಿನ ಸಂಬಂಧ ಗೊತ್ತಿಲ್ಲದೆ ಮೈಕ್ ಸೆಟ್ ಜೋಡಿಸಿದಾಗಲೇ ಆಂಪ್ಲಿಫೈಯರ್ ಸುಡುವುದು, ಕೊನೆಯ ಸ್ಪೀಕರ್ ಪಿಸುಗುಟ್ಟುವುದು, ಹಾರನ್‌ನ ಯೂನಿಟ್ ಹೋಗುವುದು ಎಲ್ಲ ಆಗುವುದು.

ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳೋಣ. ಟ್ರಾನ್ಸ್‌ಫಾರ್ಮರ್‌ಗೆ ಅದರದೇ ಆದ 1000 ಓಂ ಎಂಬುದು ಇಲ್ಲ. ಅದರಲ್ಲಿರುವುದು ಸುತ್ತುಗಳ ಅನುಪಾತ ಮಾತ್ರ. ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುರುಳಿ) ಏನು ಸಿಕ್ಕಿಸುತ್ತೀರೋ ಅದನ್ನು ಆ ಅನುಪಾತದ ವರ್ಗದಿಂದ ಗುಣಿಸಿ ಪ್ರೈಮರಿ (ಆಂಪ್ಲಿಫೈಯರ್ ಕಡೆಯ ಸುರುಳಿ) ಕಡೆಗೆ ತೋರಿಸುವುದಷ್ಟೇ ಅದರ ಕೆಲಸ. 8 ಓಂ ಸಿಕ್ಕಿಸಿದರೆ 1000 ತೋರಿಸುವ ಅದೇ ಟ್ರಾನ್ಸ್‌ಫಾರ್ಮರ್, 4 ಓಂ ಸಿಕ್ಕಿಸಿದರೆ 500 ತೋರಿಸುತ್ತದೆ. 16 ಸಿಕ್ಕಿಸಿದರೆ 2000.

ವರ್ಗ ಎಲ್ಲಿಂದ ಬಂತು

ಸೆಕೆಂಡರಿಯಲ್ಲಿ 100 ಸುತ್ತು, ಪ್ರೈಮರಿಯಲ್ಲಿ 1118 ಸುತ್ತು ಇರುವ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಅನುಪಾತ 11.18. ಪ್ರೈಮರಿಗೆ 100 ವೋಲ್ಟ್ ಕೊಟ್ಟರೆ ಸೆಕೆಂಡರಿಯಲ್ಲಿ 100 ÷ 11.18, ಅಂದರೆ 8.94 ವೋಲ್ಟ್ ಸಿಗುತ್ತದೆ. ಅಲ್ಲಿ 8 ಓಂ ಸ್ಪೀಕರ್ ಇದೆ, ಹಾಗಾಗಿ 8.94 ÷ 8 = 1.118 ಆಂಪ್ ಹರಿಯುತ್ತದೆ. ಸ್ಪೀಕರ್‌ಗೆ ಸಿಕ್ಕ ಶಕ್ತಿ 10 ವ್ಯಾಟ್.

ಈಗ ಕೋರ್‌ನ, ಅಂದರೆ ಸುರುಳಿಗಳನ್ನು ಸುತ್ತಿರುವ ಉಕ್ಕಿನ ತಿರುಳಿನ, ಒಳಗೆ ಏನಾಗುತ್ತದೆ ನೋಡಿ. ಕೋರ್‌ನಲ್ಲಿ ಎಷ್ಟು ಕಾಂತಪ್ರವಾಹ ಇರಬೇಕು ಎಂಬುದನ್ನು ಪ್ರೈಮರಿಗೆ ಕೊಟ್ಟ ವೋಲ್ಟೇಜ್ ನಿರ್ಧರಿಸುತ್ತದೆ. ಸೆಕೆಂಡರಿಯಲ್ಲಿ ಕರೆಂಟ್ ಹರಿದ ಕೂಡಲೇ ಅದು ಆ ಕಾಂತಪ್ರವಾಹವನ್ನು ಇಳಿಸಲು ನೋಡುತ್ತದೆ. 100 ಸುತ್ತಿನಲ್ಲಿ 1.118 ಆಂಪ್ ಎಂದರೆ 111.8 ಆಂಪಿಯರ್-ಸುತ್ತಿನ ಎದುರೊತ್ತಡ. ಅದನ್ನು ಸರಿದೂಗಿಸಲು ಪ್ರೈಮರಿ ಮೂಲದಿಂದ ಅಷ್ಟೇ ಆಂಪಿಯರ್-ಸುತ್ತು ಎಳೆದುಕೊಳ್ಳಬೇಕು. ಅದರ ಬಳಿ 1118 ಸುತ್ತು ಇರುವುದರಿಂದ 0.1 ಆಂಪ್ ಸಾಕು. ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವೇ ಇಲ್ಲದಿದ್ದರೂ ಸ್ಪೀಕರ್ ಬೇಡಿದಷ್ಟು ಕರೆಂಟ್ ಅನ್ನು ಪ್ರೈಮರಿ ತಾನಾಗಿ ಎಳೆಯುವುದು ಹೀಗೆ.

ಆಂಪ್ಲಿಫೈಯರ್‌ಗೆ ಸ್ಪೀಕರ್ ಕಾಣುವುದಿಲ್ಲ, ಟ್ರಾನ್ಸ್‌ಫಾರ್ಮರ್ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: 100 ವೋಲ್ಟ್ ಕೊಟ್ಟೆ, 0.1 ಆಂಪ್ ಹೋಯಿತು. ಭಾಗಿಸಿದರೆ 1000 ಓಂ. ಅಲ್ಲಿ ಸಾವಿರ ಓಂನ ರೆಸಿಸ್ಟರ್ ಒಂದನ್ನು ಇಟ್ಟಿದ್ದರೂ ಅದಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಪ್ರೈಮರಿ ಕಡೆ ವೋಲ್ಟೇಜ್ 11.18 ಪಟ್ಟು ಹೆಚ್ಚು, ಕರೆಂಟ್ 11.18 ಪಟ್ಟು ಕಡಿಮೆ. ರೋಧವೆಂದರೆ ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದ್ದು. ಮೇಲಿನದು 11.18 ಪಟ್ಟು ಏರಿ, ಕೆಳಗಿನದು 11.18 ಪಟ್ಟು ಇಳಿದರೆ ಭಾಗಲಬ್ಧ 11.18 × 11.18 = 125 ಪಟ್ಟಾಗುತ್ತದೆ. 8 × 125 = 1000. ಅನುಪಾತವನ್ನು ಒಮ್ಮೆ ಮಾತ್ರ ಗುಣಿಸಿ 89 ಓಂ ಎಂದು ಬರೆಯುವುದು ಡಿಪ್ಲೊಮಾ ವಿದ್ಯಾರ್ಥಿಗಳ ಉತ್ತರಗಳಲ್ಲಿ ತೀರಾ ಸಾಮಾನ್ಯ. ವೋಲ್ಟೇಜ್ ಬದಲಾದದ್ದು ನೆನಪಿರುತ್ತದೆ, ಕರೆಂಟೂ ಬದಲಾಗಿದೆ ಎಂಬುದು ಮರೆತುಹೋಗಿರುತ್ತದೆ.

ಹೀಗೆ ಕಾಣುವುದು ರೋಧ ಮಾತ್ರವಲ್ಲ. ಸೆಕೆಂಡರಿಯಲ್ಲಿರುವ ಇಂಡಕ್ಟೆನ್ಸ್ ಕೂಡ 125 ಪಟ್ಟಾಗಿ ಕಾಣುತ್ತದೆ. ಕೆಪಾಸಿಟರ್ ಆದರೆ 125ರಿಂದ ಭಾಗವಾಗಿ, ಅಂದರೆ ಚಿಕ್ಕದಾಗಿ ಕಾಣುತ್ತದೆ. ಸ್ಪೀಕರ್‌ನ ಇಂಪಿಡೆನ್ಸ್ (ಎಸಿಗೆ ಒಡ್ಡುವ ಒಟ್ಟು ತಡೆ) ಎಲ್ಲ ಆವರ್ತನದಲ್ಲೂ 8 ಇರುವುದಿಲ್ಲ. ಅನುರಣನದ ಬಳಿ ಏರುತ್ತದೆ, ಮೇಲಿನ ಸ್ವರಗಳಲ್ಲಿ ಮತ್ತೆ ಏರುತ್ತದೆ. ಆ ಏರಿಳಿತವೆಲ್ಲ 125 ಪಟ್ಟಾಗಿ ಹಾಗೆಯೇ ಆಚೆ ಕಡೆ ಮೂಡುತ್ತದೆ. ಮೇಲೆ ಬರೆದ 1000 ಓಂ ಹೆಸರಿಗೆ ಹಿಡಿದ ಅಂಕಿ ಎಂಬುದು ನೆನಪಿರಲಿ.

ವ್ಯಾಟ್ ಟ್ಯಾಪ್‌ಗಳ ಒಳಗುಟ್ಟು

100 ವೋಲ್ಟ್ ಲೈನ್‌ನ (ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ 100 ವೋಲ್ಟ್ ಕೊಡುವ ಜೋಡಿ ತಂತಿ) ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಓಂಗಿಂತ ವ್ಯಾಟ್ ಬರಹವೇ ಹೆಚ್ಚು: 5, 10, 20 ಎಂದು ಮೂರು ತಂತಿ, ಒಂದು ಕಾಮನ್. ಸುರುಳಿಯ ಬೇರೆ ಬೇರೆ ಸುತ್ತಿನಿಂದ ಹೊರತೆಗೆದ ಈ ತಂತಿಗಳೇ ಟ್ಯಾಪ್‌ಗಳು. ಓಂ ಮತ್ತು ವ್ಯಾಟ್ ಎರಡೂ ಒಂದೇ ವಿಷಯದ ಎರಡು ಬರಹಗಳು. 100ರ ವರ್ಗ 10,000. ಅದನ್ನು ವ್ಯಾಟ್‌ನಿಂದ ಭಾಗಿಸಿದರೆ ಆಂಪ್ಲಿಫೈಯರ್‌ಗೆ ಕಾಣುವ ಓಂ ಸಿಗುತ್ತದೆ. 5 ವ್ಯಾಟ್ ಟ್ಯಾಪ್ 2000 ಓಂ, 10 ವ್ಯಾಟ್ 1000, 20 ವ್ಯಾಟ್ 500. 70 ವೋಲ್ಟ್ ಲೈನ್ ಆದರೆ ವಾಸ್ತವದಲ್ಲಿ ಅದು 70.7 ವೋಲ್ಟ್, ವರ್ಗ 5000. ಅಲ್ಲಿ 10 ವ್ಯಾಟ್‌ಗೆ 500 ಓಂ.

ಸೆಕೆಂಡರಿ 100 ಸುತ್ತು ಎಂದೇ ಇಟ್ಟುಕೊಂಡರೆ ಪ್ರೈಮರಿಯಲ್ಲಿ 20 ವ್ಯಾಟ್ ಟ್ಯಾಪ್ 791ನೇ ಸುತ್ತಿನಲ್ಲಿ, 10 ವ್ಯಾಟ್ 1118ರಲ್ಲಿ, 5 ವ್ಯಾಟ್ 1581ರಲ್ಲಿ ಬರುತ್ತದೆ. ವ್ಯಾಟ್ ಅರ್ಧವಾದಾಗ ಸುತ್ತು ಇಮ್ಮಡಿಯಾಗದೆ 1.414 ಪಟ್ಟು ಮಾತ್ರ ಹೆಚ್ಚಿರುವುದನ್ನು ಗಮನಿಸಿ. ವರ್ಗದ ನಿಯಮದ ನೇರ ಫಲ ಅದು. ಕಡಿಮೆ ವ್ಯಾಟ್‌ಗೆ ಹೆಚ್ಚು ಸುತ್ತು ಎಂಬುದೂ ಮೊದಲ ಬಾರಿಗೆ ನೋಡುವವರಿಗೆ ತಿರುವುಮುರುವಾಗಿ ಕಾಣುತ್ತದೆ. ಸುತ್ತು ಹೆಚ್ಚಿದಷ್ಟೂ ಕಾಣುವ ರೋಧ ಹೆಚ್ಚು, ಎಳೆಯುವ ಕರೆಂಟ್ ಕಡಿಮೆ, ಅದಕ್ಕೇ ವ್ಯಾಟ್ ಕಡಿಮೆ.

ಈ ಟ್ಯಾಪ್‌ಗಳ ಬರಹ ನಿಜವಾಗಬೇಕಾದರೆ ಸೆಕೆಂಡರಿಯಲ್ಲಿ ಅದು ನಿರೀಕ್ಷಿಸಿದ ಸ್ಪೀಕರ್ ಇರಬೇಕು. ಹಾರನ್‌ಗಳ ಡ್ರೈವರ್ ಯೂನಿಟ್ ಎಷ್ಟೋ ಸಲ 16 ಓಂ ಆಗಿರುತ್ತದೆ. ಅದನ್ನು 8 ಓಂ ತುದಿಗೆ ಕಟ್ಟಿ 20 ವ್ಯಾಟ್ ಟ್ಯಾಪ್ ಹಾಕಿದರೆ ಸಿಗುವುದು 10 ವ್ಯಾಟ್. ಹಾನಿಯೇನೂ ಇಲ್ಲ, ಸದ್ದು ಕಡಿಮೆ. 4 ಓಂನದನ್ನು ಅಲ್ಲಿ ಕಟ್ಟಿದರೆ 40 ವ್ಯಾಟ್ ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಆಂಪ್ಲಿಫೈಯರ್‌ನ ಲೆಕ್ಕ ತಪ್ಪುತ್ತದೆ. 70 ವೋಲ್ಟ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ ಅನ್ನು 100 ವೋಲ್ಟ್ ಲೈನ್‌ಗೆ ಹಾಕಿದರೂ ಇದೇ ಪಾಡು: ಬರೆದ ವ್ಯಾಟ್‌ನ ಇಮ್ಮಡಿ. ತಿರುಗಿ 100ರದ್ದನ್ನು 70ಕ್ಕೆ ಹಾಕಿದರೆ ಅರ್ಧ.

ಎಲ್ಲವನ್ನೂ ಒಂದೇ ಲೈನ್‌ಗೆ ಕಟ್ಟಿದಾಗ

ಒಂದು ಪ್ರೌಢಶಾಲೆಗೆ ಲೆಕ್ಕ ಹಾಕೋಣ. ತರಗತಿಗಳಲ್ಲಿ 12 ಸೀಲಿಂಗ್ ಸ್ಪೀಕರ್, ಒಂದೊಂದೂ 5 ವ್ಯಾಟ್ ಟ್ಯಾಪ್‌ನಲ್ಲಿ. ಆಟದ ಮೈದಾನದಲ್ಲಿ 4 ಹಾರನ್, ಒಂದೊಂದೂ 20 ವ್ಯಾಟ್. ಎಲ್ಲವೂ ಒಂದೇ ಜೋಡಿ ತಂತಿಗೆ ಸಮಾನಾಂತರವಾಗಿ. 2000 ಓಂನವು ಹನ್ನೆರಡು ಸೇರಿದರೆ 166.7 ಓಂ. 500 ಓಂನವು ನಾಲ್ಕು ಸೇರಿದರೆ 125 ಓಂ. ಇವೆರಡೂ ಸಮಾನಾಂತರವಾದರೆ 71.4 ಓಂ. ಅದೇ ಲೆಕ್ಕವನ್ನು ವ್ಯಾಟ್‌ನಲ್ಲಿ ಮಾಡಿದರೆ 60 + 80 = 140 ವ್ಯಾಟ್; 10,000 ÷ 140 ಮತ್ತೆ 71.4. ಸಮಾನಾಂತರ ರೋಧಗಳ ಲೆಕ್ಕವನ್ನು ಬರೀ ಕೂಡುವ ಲೆಕ್ಕವಾಗಿಸಿದ್ದೇ 100 ವೋಲ್ಟ್ ಪದ್ಧತಿಯ ದೊಡ್ಡ ಉಪಕಾರ. ಏಣಿಯ ಮೇಲೆ ನಿಂತು ಕೆಲಸ ಮಾಡುವವರಿಗೆ ಇದಕ್ಕಿಂತ ಸುಲಭದ ಲೆಕ್ಕ ಬೇರೆ ಸಿಗದು.

120 ವ್ಯಾಟ್‌ನ ಆಂಪ್ಲಿಫೈಯರ್ 100 ವೋಲ್ಟ್ ತುದಿಯಲ್ಲಿ ತಾಳಿಕೊಳ್ಳುವ ಕನಿಷ್ಠ ಲೋಡ್ 83.3 ಓಂ. ನಮ್ಮ 71.4 ಅದಕ್ಕಿಂತ ಕಡಿಮೆ, ಹಾಗಾಗಿ ಅದು ಆಗದು. 160 ವ್ಯಾಟ್‌ನದಕ್ಕೆ ಕನಿಷ್ಠ 62.5 ಓಂ, ಲೆಕ್ಕಕ್ಕೆ ಸರಿಹೋಗುತ್ತದೆ, ಆದರೆ ಅಂಚಿನಲ್ಲಿದೆ. ಐದರಲ್ಲಿ ಒಂದು ಪಾಲು ಮೀಸಲು ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. 140ಕ್ಕೆ ಅಷ್ಟು ಸೇರಿಸಿದರೆ 168, ಹಾಗಾಗಿ 200 ಅಥವಾ 250 ವ್ಯಾಟ್‌ನದನ್ನೇ ಆರಿಸಿ. ಮುಂದಿನ ವರ್ಷ ಇನ್ನೆರಡು ಕೊಠಡಿ ಕಟ್ಟಿಸಿದಾಗ ಅಲ್ಲಿಗೂ ಸ್ಪೀಕರ್ ಬೇಕು ಎಂದು ಕೇಳಿಯೇ ಕೇಳುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಮೂಲದ ಒಳರೋಧಕ್ಕೆ ಲೋಡ್ ಸಮನಾಗಿದ್ದಾಗ ಅತಿ ಹೆಚ್ಚು ಶಕ್ತಿ ದಾಟುತ್ತದೆ ಎಂಬ ಪ್ರಮೇಯವನ್ನು ಎಲ್ಲರೂ ಓದಿರುತ್ತಾರೆ. ಟ್ರಾನ್ಸ್‌ಫಾರ್ಮರ್ ಇರುವುದು ಆ ಸಮತೆಯನ್ನು ತರಲಿಕ್ಕೇ ಎಂದು ಅದನ್ನು ಇಲ್ಲಿಗೂ ಹಚ್ಚುತ್ತಾರೆ. ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಒಳರೋಧ ಒಂದು ಓಂನ ಸಣ್ಣ ಭಾಗ ಮಾತ್ರ. ಲೋಡನ್ನು ಅದಕ್ಕೆ ಸಮ ಮಾಡಲು ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟುಹೋಗುತ್ತವೆ. ಇಲ್ಲಿನ ಉದ್ದೇಶ ಬೇರೆ: ಇರುವ ವೋಲ್ಟೇಜ್‌ನಲ್ಲಿ, ತಾಳಬಲ್ಲ ಕರೆಂಟ್‌ನಲ್ಲಿ, ಪ್ರತಿ ಸ್ಪೀಕರ್‌ಗೂ ಗೊತ್ತುಮಾಡಿದಷ್ಟು ವ್ಯಾಟ್ ಮುಟ್ಟಬೇಕು. ಅದಕ್ಕೆ ತಕ್ಕ ಲೋಡ್ ಕಾಣುವಂತೆ ಸುತ್ತುಗಳನ್ನು ಆರಿಸುತ್ತಾರೆ.

ತಂತಿ ನುಂಗುವ ಶಕ್ತಿ

ಇಷ್ಟೆಲ್ಲ ಟ್ರಾನ್ಸ್‌ಫಾರ್ಮರ್ ಯಾಕೆ, 8 ಓಂ ಸ್ಪೀಕರ್ ಅನ್ನು ನೇರವಾಗಿ ಎಳೆದರೆ ಆಗದೇ? 100 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿ ಎಳೆದರೆ ಹೋಗಿ ಬರಲು 200 ಮೀಟರ್, ರೋಧ ಸುಮಾರು 4.6 ಓಂ. 8 ಓಂ ಸ್ಪೀಕರ್ ನೇರವಾಗಿ ಅದರ ತುದಿಗಿದ್ದರೆ ಒಟ್ಟು 12.6 ಓಂ. ಆಂಪ್ಲಿಫೈಯರ್ 8.94 ವೋಲ್ಟ್ ಕೊಟ್ಟರೆ ಹರಿಯುವುದು 0.71 ಆಂಪ್. ಸ್ಪೀಕರ್‌ಗೆ 4 ವ್ಯಾಟ್, ತಂತಿಗೆ 2.3 ವ್ಯಾಟ್. ಹತ್ತು ವ್ಯಾಟ್ ಬೇಕಿದ್ದಲ್ಲಿ ನಾಲ್ಕು ತಲುಪಿತು.

ಅದೇ ತಂತಿ, ಅದೇ ದೂರ, ತುದಿಯಲ್ಲಿ 10 ವ್ಯಾಟ್ ಟ್ಯಾಪ್‌ನ ಟ್ರಾನ್ಸ್‌ಫಾರ್ಮರ್. ಈಗ 1000 ಓಂನ ಎದುರು 4.6 ಓಂ, ನಷ್ಟವಾಗುವ ವೋಲ್ಟೇಜ್ ಶೇಕಡಾ ಅರ್ಧವೂ ಇಲ್ಲ. ಹತ್ತು ಸ್ಪೀಕರ್ ಅಲ್ಲೇ ತುದಿಯಲ್ಲಿದ್ದರೂ ಲೋಡ್ 100 ಓಂ, ಒಟ್ಟು 104.6. ಎಲ್ಲ ಸ್ಪೀಕರ್‌ಗೂ ಸೇರಿ 91 ವ್ಯಾಟ್ ತಲುಪುತ್ತದೆ. ಕಿವಿಗೆ ಆ ಕೊರತೆ ತಿಳಿಯುವುದೇ ಇಲ್ಲ.

ಸ್ಪೀಕರ್ ಕಡೆಯಿಂದ ತಿರುಗಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ವರ್ಗದ ನಿಯಮ ಎರಡು ದಿಕ್ಕಿಗೂ ನಡೆಯುತ್ತದೆ. ಪ್ರೈಮರಿ ಕಡೆಯ ರೋಧ ಸೆಕೆಂಡರಿಯಿಂದ ನೋಡಿದಾಗ 125ರಿಂದ ಭಾಗವಾಗಿ ಕಾಣುತ್ತದೆ. ಒಂದೇ ಸ್ಪೀಕರ್ ಇರುವಾಗ ಆ 4.6 ಓಂ ತಂತಿ ಸ್ಪೀಕರ್‌ಗೆ 0.037 ಓಂ ಆಗಿ ಕಾಣುತ್ತದೆ. ನೂರು ಮೀಟರ್ ತಂತಿ ಒಂದು ಮೀಟರ್‌ಗಿಂತ ಚಿಕ್ಕದಾದಂತೆ. ಹೊಲದ ಪಕ್ಕದ ಟಿಸಿಗೆ 11,000 ವೋಲ್ಟ್‌ನಲ್ಲಿ ಕರೆಂಟ್ ತಂದು ಅಲ್ಲಿ ಇಳಿಸುವುದರ ಹಿಂದೆಯೂ ಇದೇ ಲೆಕ್ಕವಿದೆ.

ಎಲ್ಲಿ ಕೆಡುತ್ತದೆ

ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಂ ಸ್ಪೀಕರ್ ಒಂದನ್ನು ಗೊತ್ತಿಲ್ಲದೆ 100 ವೋಲ್ಟ್ ಲೈನ್‌ಗೆ ಕಟ್ಟುವುದು ಎಲ್ಲಕ್ಕಿಂತ ಸಾಮಾನ್ಯ. 71.4 ಓಂ ಇದ್ದ ಲೈನ್ ಒಮ್ಮೆಲೇ 7.2 ಓಂಗೆ ಇಳಿಯುತ್ತದೆ. ಆ ಒಂದು ಸ್ಪೀಕರ್ 1250 ವ್ಯಾಟ್ ಬೇಡುತ್ತದೆ. ಆಂಪ್ಲಿಫೈಯರ್‌ನಲ್ಲಿ ರಕ್ಷಣೆ ಇದ್ದರೆ ಅದು ನಿಲ್ಲುತ್ತದೆ, ಇಲ್ಲದಿದ್ದರೆ ಫ್ಯೂಸೋ ಟ್ರಾನ್ಸಿಸ್ಟರೋ ಸ್ಪೀಕರ್ ಕಾಯಿಲೋ ಹೋಗುತ್ತದೆ.

ಅದಕ್ಕಿಂತ ಹುಡುಕಲು ಕಷ್ಟವಾದದ್ದು ತಿರುಗಿಸಿ ಕಟ್ಟಿದ ಟ್ರಾನ್ಸ್‌ಫಾರ್ಮರ್: ಲೈನ್ ಸೆಕೆಂಡರಿಗೆ, ಸ್ಪೀಕರ್ ಪ್ರೈಮರಿಗೆ. ತಂತಿಯ ಬಣ್ಣ ಮಾಸಿದಾಗ ಹೀಗಾಗುತ್ತದೆ. ಆಗ 8 ಓಂ ಮತ್ತು ಪ್ರೈಮರಿ ತಂತಿಯ 50 ಓಂ ಸೇರಿ 58 ಓಂ, ಅದು 125ರಿಂದ ಗುಣವಾಗುವ ಬದಲು ಭಾಗವಾಗಿ ಅರ್ಧ ಓಂಗಿಂತ ಕಡಿಮೆ ಕಾಣುತ್ತದೆ. ಸೆಕೆಂಡರಿ ತಂತಿಯ 0.4 ಓಂ ಸೇರಿಸಿದರೂ ಒಂದು ಓಂ ದಾಟುವುದಿಲ್ಲ. ಜೊತೆಗೆ 9 ವೋಲ್ಟ್‌ಗೆ ಸುತ್ತಿದ ಸುರುಳಿಗೆ 100 ವೋಲ್ಟ್ ಬಿದ್ದು ಕೋರ್ ಸಂಪೂರ್ಣ ತುಂಬಿಹೋಗುತ್ತದೆ, ಅಂದರೆ ಇನ್ನಷ್ಟು ಕಾಂತಪ್ರವಾಹ ಅದರಲ್ಲಿ ಹಿಡಿಸುವುದಿಲ್ಲ. ಇಂಥ ಒಂದೇ ಒಂದು ಸ್ಪೀಕರ್ ಇಡೀ ಶಾಲೆಯ ಲೈನನ್ನು ಕೆಡವುತ್ತದೆ. ದಪ್ಪ ತಂತಿ ಇರುವುದು ಸ್ಪೀಕರ್ ಕಡೆಗೆ, ಸಣ್ಣ ತಂತಿ ಇರುವುದು ಲೈನ್ ಕಡೆಗೆ. ಅನುಮಾನವಿದ್ದಲ್ಲಿ ಮಲ್ಟಿಮೀಟರ್‌ನಲ್ಲಿ ನೋಡಿ: ಹೆಚ್ಚು ಓಂ ತೋರಿಸುವ ಸುರುಳಿ ಲೈನ್‌ನದ್ದು.

ಸ್ಪೀಕರ್‌ನ ಕಾಯಿಲ್ ಶಾರ್ಟ್ ಆದರೆ? ಸೆಕೆಂಡರಿಯಲ್ಲಿ ಸೊನ್ನೆ ಓಂ, 125ರಿಂದ ಗುಣಿಸಿದರೂ ಸೊನ್ನೆ ಎಂದು ಪುಸ್ತಕ ಹೇಳುತ್ತದೆ. ನಿಜದಲ್ಲಿ ಪ್ರೈಮರಿಯ 50 ಓಂ ಇದೆ, ಸೆಕೆಂಡರಿ ತಂತಿಯ 0.4 ಓಂ 125 ಪಟ್ಟಾಗಿ ಇನ್ನೊಂದು 50 ಓಂ ಆಗಿದೆ. ಹಾಗಾಗಿ ಲೈನ್‌ಗೆ ಕಾಣುವುದು ಶಾರ್ಟ್ ಅಲ್ಲ, ಸುಮಾರು 100 ಓಂ, ಅಂದರೆ 100 ವ್ಯಾಟ್‌ನ ಹೊಸ ಸ್ಪೀಕರ್ ಒಂದು ಬಂದು ಕುಳಿತಂತೆ. ಫ್ಯೂಸ್ ಹೋಗದಿರಬಹುದು. ಆಂಪ್ಲಿಫೈಯರ್ ವಿನಾಕಾರಣ ಬಿಸಿಯಾಗುತ್ತದೆ, ಒಂದು ಸ್ಪೀಕರ್ ಮೌನವಾಗಿದೆ, ಅದರ ಡಬ್ಬಿಯಿಂದ ಸುಟ್ಟ ವಾರ್ನಿಶ್ ವಾಸನೆ ಬರುತ್ತಿದೆ ಎಂದರೆ ಇದೇ ಕಾರಣ.

ಇದೇ ತಂತಿರೋಧಗಳು ಆರೋಗ್ಯವಂತ ಸ್ಪೀಕರ್‌ನಲ್ಲೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. 1000 ಓಂ ಜೊತೆ ಸರಣಿಯಲ್ಲಿ ಈ 100 ಓಂ ಇರುವಾಗ 10 ವ್ಯಾಟ್ ಟ್ಯಾಪ್‌ನಿಂದ ಸ್ಪೀಕರ್‌ಗೆ ತಲುಪುವುದು ಸುಮಾರು 8.3 ವ್ಯಾಟ್. ಒಳ್ಳೆಯ ತಯಾರಕರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದು ಸುತ್ತುಗಳನ್ನು ತುಸು ಹೊಂದಿಸಿರುತ್ತಾರೆ. ಅಗ್ಗದ ಟ್ರಾನ್ಸ್‌ಫಾರ್ಮರ್‌ನಲ್ಲಿ ತಂತಿ ಇನ್ನೂ ಸಣ್ಣದು, ಕೋರ್ ಚಿಕ್ಕದು, ನಷ್ಟ ಹೆಚ್ಚು.

ಕೋರ್ ಚಿಕ್ಕದಾದರೆ ಇನ್ನೊಂದು ಕಾಟ, ಅದು ಮಂದ್ರ ಸ್ವರದಲ್ಲಿ. ಇಲ್ಲಿಯವರೆಗಿನ ಎಲ್ಲ ಲೆಕ್ಕವೂ ಪ್ರೈಮರಿಯ ಸ್ವಂತ ಇಂಡಕ್ಟೆನ್ಸ್ ಬಹಳ ದೊಡ್ಡದು ಎಂದು ಹಿಡಿದು ಮಾಡಿದ್ದು. ಅದು 1.6 ಹೆನ್ರಿ ಇದೆ ಎನ್ನಿ. 100 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 1000 ಓಂ, ಅದು ಸ್ಪೀಕರ್‌ನ 1000 ಓಂಗೆ ಸಮಾನಾಂತರ. ಆಂಪ್ಲಿಫೈಯರ್‌ಗೆ ಕಾಣುವುದು 707 ಓಂ. 50 ಹರ್ಟ್ಸ್‌ಗೆ ಇಳಿದರೆ 447. ಇಂಥ ಹದಿನಾರು ಟ್ರಾನ್ಸ್‌ಫಾರ್ಮರ್ ಒಂದೇ ಲೈನ್‌ನಲ್ಲಿದ್ದರೆ ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ಲೋಡ್ ಕುಸಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಕೋರ್ ತುಂಬಿಕೊಳ್ಳುವುದು. 2 ಚದರ ಸೆಂಟಿಮೀಟರ್ ಅಡ್ಡಕೊಯ್ತದ ಸಿಲಿಕಾನ್ ಉಕ್ಕಿನ ಕೋರ್, 1118 ಸುತ್ತು, 100 ವೋಲ್ಟ್. 100 ಹರ್ಟ್ಸ್‌ನಲ್ಲಿ ಕಾಂತಸಾಂದ್ರತೆ 1 ಟೆಸ್ಲಾ, ಆರಾಮಾಗಿದೆ. 50 ಹರ್ಟ್ಸ್‌ನಲ್ಲಿ 2 ಟೆಸ್ಲಾ, ಅದು ಈ ಉಕ್ಕಿಗೆ ಆಗದ ಮಾತು. ಕೋರ್ ತುಂಬಿದ ಆ ಕ್ಷಣಗಳಲ್ಲಿ ಅನುಪಾತವೂ ಇಲ್ಲ, ವರ್ಗವೂ ಇಲ್ಲ. ಪ್ರೈಮರಿ ಬರೀ 50 ಓಂನ ತಂತಿಯಾಗುತ್ತದೆ, ಸದ್ದು ಒಡೆಯುತ್ತದೆ. ಅದೇ ಟ್ರಾನ್ಸ್‌ಫಾರ್ಮರ್‌ನ 20 ವ್ಯಾಟ್ ಟ್ಯಾಪ್‌ನಲ್ಲಿ ಸುತ್ತು 791 ಮಾತ್ರ, ಹಾಗಾಗಿ 100 ಹರ್ಟ್ಸ್‌ನಲ್ಲೇ 1.4 ಟೆಸ್ಲಾ. ದೊಡ್ಡ ಟ್ಯಾಪ್‌ಗೆ ಹಾಕಿದ ಕೂಡಲೇ ಸ್ಪೀಕರ್ ಗರಗರ ಅನ್ನುವುದಕ್ಕೆ ಇದು ಕಾರಣ. ಪರಿಹಾರ ಸರಳ: ಆಂಪ್ಲಿಫೈಯರ್‌ಗೆ ಮುಂಚೆಯೇ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಮಾತಿಗೆ ಅದರಿಂದ ನಷ್ಟವಿಲ್ಲ. ಹಾರನ್ ಅಂತೂ ಆ ಸ್ವರಗಳನ್ನು ನುಡಿಸುವುದೂ ಇಲ್ಲ.

ವಾಲ್ವ್ ರೇಡಿಯೊದಲ್ಲಿ, ಆಂಟೆನಾದಲ್ಲಿ

ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ನಳಿಕೆ (ವಾಲ್ವ್) ಇರುವ ಹಳೆಯ ರೇಡಿಯೊಗಳಲ್ಲಿ ಈ ನಿಯಮ ಇನ್ನೂ ನೇರವಾಗಿ ಕಾಣುತ್ತದೆ. 6ವಿ6 ಎಂಬ ವಾಲ್ವ್ 250 ವೋಲ್ಟ್‌ನಲ್ಲಿ ಒಂಟಿಯಾಗಿ ದುಡಿಯುವಾಗ 5000 ಓಂ ಲೋಡ್ ಬೇಡುತ್ತದೆ, 4.5 ವ್ಯಾಟ್ ಕೊಡುತ್ತದೆ. ಸ್ಪೀಕರ್ 8 ಓಂ ಆದರೆ 5000 ÷ 8 = 625, ವರ್ಗಮೂಲ 25. ಪ್ರೈಮರಿಯಲ್ಲಿ 2500 ಸುತ್ತಿದ್ದರೆ ಸೆಕೆಂಡರಿಯಲ್ಲಿ 100. ಆ ವಾಲ್ವ್‌ನ ಒಳರೋಧ ಸುಮಾರು 50,000 ಓಂ; ಇಲ್ಲಿಯೂ ಲೋಡ್ ಅದಕ್ಕೆ ಸಮನಾಗಿಲ್ಲ. ಕಡಿಮೆ ವಿಕೃತಿಯಲ್ಲಿ ಹೆಚ್ಚು ಶಕ್ತಿ ಯಾವ ಲೋಡ್‌ನಲ್ಲಿ ಸಿಗುತ್ತದೋ ಅದನ್ನು ವಾಲ್ವ್‌ನ ಗುಣರೇಖೆಗಳ ಮೇಲೆ ಗೆರೆ ಎಳೆದು ಆರಿಸಿದ್ದಾರೆ.

ಎರಡು ವಾಲ್ವ್‌ಗಳು ಪ್ರೈಮರಿಯ ಎರಡು ತುದಿಗಳಿಂದ ದುಡಿಯುವ ಪುಷ್-ಪುಲ್‌ನಲ್ಲಿ ಪ್ಲೇಟ್‌ನಿಂದ (ವಾಲ್ವ್‌ನ ಔಟ್‌ಪುಟ್ ತುದಿ) ಪ್ಲೇಟ್‌ಗೆ 8000 ಓಂ ಎಂದು ಬರೆದಿದ್ದರೆ ನಡುವಿನ ಟ್ಯಾಪ್‌ನಿಂದ ಒಂದು ಕಡೆಗೆ 4000 ಎಂದು ಬಹಳ ಜನ ಭಾವಿಸುತ್ತಾರೆ. ಅರ್ಧ ಸುತ್ತು ಎಂದರೆ ಕಾಲು ರೋಧ. ಒಂದೇ ವಾಲ್ವ್ ದುಡಿಯುತ್ತಿರುವ ಹೊತ್ತಿನಲ್ಲಿ ಅದಕ್ಕೆ ಕಾಣುವುದು 2000. ಸೆಕೆಂಡರಿಯ ಟ್ಯಾಪ್‌ಗಳಲ್ಲೂ ಹಾಗೆಯೇ: 4 ಓಂ ತುದಿ ಇರುವುದು 16 ಓಂ ಸುರುಳಿಯ ಸರಿಯಾಗಿ ಅರ್ಧದಲ್ಲಿ, 8 ಓಂ ತುದಿ ಶೇಕಡಾ 70.7ರಲ್ಲಿ. 4 ಮತ್ತು 8ರ ನಡುವೆ ಸ್ಪೀಕರ್ ಕಟ್ಟಿದರೆ 4 ಓಂಗೆ ಸರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2.83 ಮತ್ತು 2ರ ವ್ಯತ್ಯಾಸದ ವರ್ಗ, ಅಂದರೆ 0.69 ಓಂನ ತುದಿ ಅದು.

ವಾಲ್ವ್ ಸೆಟ್‌ಗೆ ಸ್ಪೀಕರ್ ಇಲ್ಲದೆ ಎಂದೂ ಸಿಗ್ನಲ್ ಕೊಡಬೇಡಿ. ಸೆಕೆಂಡರಿ ತೆರೆದಿದ್ದರೆ ಕಾಣುವ ಲೋಡ್ ವಿಪರೀತ ಏರುತ್ತದೆ, ಪ್ಲೇಟ್ ವೋಲ್ಟೇಜ್ ಸಾವಿರ ದಾಟಿ ಸುರುಳಿಯ ಒಳಗೋ ವಾಲ್ವ್‌ನ ತಳದಲ್ಲೋ ಕಿಡಿ ಹಾರುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಇದಕ್ಕೆ ತಿರುವುಮುರುವು: ತೆರೆದಿದ್ದರೆ ಚಿಂತೆಯಿಲ್ಲ, ಶಾರ್ಟ್ ಆದರೆ ಅಪಾಯ.

ಹ್ಯಾಮ್ ರೇಡಿಯೊದವರು (ಹವ್ಯಾಸಿ ರೇಡಿಯೊ ಬಳಗ) 40 ಮೀಟರ್ ಬ್ಯಾಂಡ್‌ಗೆ ಸುಮಾರು 20 ಮೀಟರ್ ತಂತಿಯನ್ನು ತೆಂಗಿನ ಮರಕ್ಕೆ ಎಳೆದು ಒಂದು ತುದಿಯಿಂದಲೇ ಸಿಗ್ನಲ್ ಕೊಡುವಾಗಲೂ ಇದೇ ನಿಯಮವನ್ನು ನಂಬುತ್ತಾರೆ. ಅರ್ಧ ತರಂಗದ ತಂತಿಯ ತುದಿಯಲ್ಲಿ ಎರಡು ಮೂರು ಸಾವಿರ ಓಂ ಇರುತ್ತದೆ, ಸೆಟ್‌ಗೆ ಬೇಕಾದದ್ದು 50. ಫೆರೈಟ್ ಉಂಗುರದ ಮೇಲೆ 2 ಸುತ್ತು ಪ್ರೈಮರಿ, 14 ಸುತ್ತು ಸೆಕೆಂಡರಿ: ಅನುಪಾತ 7, ವರ್ಗ 49. 2450 ಓಂ ಇದ್ದದ್ದು 50 ಆಗಿ ಕಾಣುತ್ತದೆ.

ಅಳೆದು ನೋಡುವ ಬಗೆ

ಗುರುತಿಲ್ಲದ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಅನುಪಾತ ಕಂಡುಹಿಡಿಯುವುದು ಸುಲಭ. 230 ವೋಲ್ಟ್‌ನಿಂದ 12 ವೋಲ್ಟ್ ಕೊಡುವ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು ಅದರ 12 ವೋಲ್ಟ್ ಎಸಿಯನ್ನು ಹೆಚ್ಚು ಓಂ ತೋರಿಸುವ ಸುರುಳಿಗೆ ಕೊಡಿ, ಇನ್ನೊಂದು ಸುರುಳಿಯ ವೋಲ್ಟೇಜ್ ಅಳೆಯಿರಿ. 12 ಕೊಟ್ಟಾಗ 1.07 ಬಂದರೆ ಅನುಪಾತ 11.2, ವರ್ಗ 125ರ ಆಸುಪಾಸು: 8 ಓಂಗೆ 100 ವೋಲ್ಟ್ ಲೈನ್‌ನ 10 ವ್ಯಾಟ್ ಟ್ಯಾಪ್. 0.48 ಬಂದರೆ ಅನುಪಾತ 25: 6ವಿ6ಗೆ 8 ಓಂ ಸ್ಪೀಕರ್ ಕಟ್ಟುವಂಥದ್ದು. ಎಂದಿಗೂ ತಿರುಗಿಸಿ ಕೊಡಬೇಡಿ. 12 ವೋಲ್ಟ್ ಅನ್ನು ಸ್ಪೀಕರ್ ಕಡೆಗೆ ಕೊಟ್ಟರೆ 11.18 ಅನುಪಾತದ ಆ ಕಡೆ 134 ವೋಲ್ಟ್ ಮೂಡುತ್ತದೆ, 25ರ ಅನುಪಾತದಲ್ಲಿ 300. ಕೈ ತಾಗಿದರೆ ಪ್ರಾಣಕ್ಕೇ ಸಂಚಕಾರ.

ಕಟ್ಟಿ ಮುಗಿದ ಲೈನ್‌ನ ಲೋಡ್ ಅಳೆಯಲು ಓಂ ಮೀಟರ್ ಉಪಯೋಗವಿಲ್ಲ. ಅದು ಡಿಸಿಯಲ್ಲಿ ಅಳೆಯುತ್ತದೆ. ಡಿಸಿಗೆ ಟ್ರಾನ್ಸ್‌ಫಾರ್ಮರ್‌ನ ಆಚೆ ಏನಿದೆ ಎಂದು ತಿಳಿಯುವುದೇ ಇಲ್ಲ. ಹದಿನಾರು ಟ್ರಾನ್ಸ್‌ಫಾರ್ಮರ್‌ಗಳ ತಂತಿರೋಧ ಸಮಾನಾಂತರವಾಗಿ 3 ಓಂ ತೋರಿಸಿದಾಗ ಲೈನ್ ಶಾರ್ಟ್ ಆಗಿದೆ ಎಂದು ಗೋಡೆ ಕೆರೆಯಲು ಹೊರಡಬೇಡಿ. ಇಂಪಿಡೆನ್ಸ್ ಮೀಟರ್ ಇದ್ದರೆ 1000 ಹರ್ಟ್ಸ್‌ನಲ್ಲಿ ಅಳೆಯಿರಿ. ಇಲ್ಲದಿದ್ದರೆ ಮೊಬೈಲ್‌ನಿಂದ 400 ಅಥವಾ 1000 ಹರ್ಟ್ಸ್‌ನ ನಾದ ಕೊಟ್ಟು, ಆಂಪ್ಲಿಫೈಯರ್‌ನ 100 ವೋಲ್ಟ್ ತುದಿ ಮತ್ತು ಲೈನ್‌ನ ನಡುವೆ 10 ಓಂ, 5 ವ್ಯಾಟ್‌ನ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ. ವಾಲ್ಯೂಮ್ ಸೊನ್ನೆಯಿಂದ ಮೆಲ್ಲಗೆ ಏರಿಸಿ, ಲೈನ್‌ನಲ್ಲಿ 10 ವೋಲ್ಟ್ ಬಂದಾಗ ನಿಲ್ಲಿಸಿ. ರೆಸಿಸ್ಟರ್‌ನ ಎರಡು ತುದಿಯ ನಡುವೆ 1.4 ವೋಲ್ಟ್ ಇದ್ದರೆ 0.14 ಆಂಪ್ ಹರಿಯುತ್ತಿದೆ. 10 ÷ 0.14 = 71 ಓಂ. ಸಾಧಾರಣ ಮಲ್ಟಿಮೀಟರ್ 1000 ಹರ್ಟ್ಸ್‌ನಲ್ಲಿ ತುಸು ತಪ್ಪು ಹೇಳಬಹುದು, ಆದರೆ ಎರಡು ಓದನ್ನೂ ಅದೇ ಮೀಟರ್‌ನಲ್ಲಿ, ಒಂದೇ ರೇಂಜ್‌ನಲ್ಲಿ ತೆಗೆದುಕೊಂಡರೆ ಭಾಗಿಸುವಾಗ ಆ ತಪ್ಪು ಬಹುಪಾಲು ಕಳೆದುಹೋಗುತ್ತದೆ. ತಂತಿ ಸೇರಿಸುವುದು ಬಿಚ್ಚುವುದು ಏನೇ ಇದ್ದರೂ ಆಂಪ್ಲಿಫೈಯರ್ ಆಫ್ ಮಾಡಿಯೇ ಮಾಡಿ. ಪೂರ್ಣ ವಾಲ್ಯೂಮ್‌ನಲ್ಲಿ ಈ ಲೈನ್‌ನ ಶಿಖರ ವೋಲ್ಟೇಜ್ 141.

ಬಂದ ಅಂಕಿಯನ್ನು ದಿನಾಂಕದೊಂದಿಗೆ ಆಂಪ್ಲಿಫೈಯರ್‌ನ ಬೆನ್ನಿಗೆ ಬರೆದು ಅಂಟಿಸಿ. ಮುಂದೆ ಎಂದಾದರೂ 71 ಇದ್ದದ್ದು 42ಕ್ಕೆ ಇಳಿದಿದ್ದರೆ 10,000ವನ್ನು ಎರಡರಿಂದಲೂ ಭಾಗಿಸಿ ವ್ಯತ್ಯಾಸ ನೋಡಿ: 140 ಇದ್ದದ್ದು 240 ಆಗಿದೆ, 100 ವ್ಯಾಟ್ ಎಲ್ಲೋ ಹೆಚ್ಚುವರಿಯಾಗಿ ಹೋಗುತ್ತಿದೆ. ಶಾರ್ಟ್ ಆದ ಒಂದು ಕಾಯಿಲ್‌ಗೆ ಅದು ಹೊಂದುವ ಸಂಖ್ಯೆ. ಲೈನನ್ನು ಮಧ್ಯದ ಜಂಕ್ಷನ್ ಡಬ್ಬಿಯಲ್ಲಿ ಬಿಚ್ಚಿ ಹತ್ತಿರದ ಅರ್ಧವನ್ನಷ್ಟೇ ಅಳೆಯಿರಿ. ಅಲ್ಲಿರುವ ಸ್ಪೀಕರ್‌ಗಳ ಟ್ಯಾಪ್ ಕೂಡಿದ ಲೆಕ್ಕಕ್ಕೆ ಅಳತೆ ಸರಿಬಂದರೆ ದೋಷ ಆಚೆ ಅರ್ಧದಲ್ಲಿದೆ. ಅದನ್ನು ಮತ್ತೆ ಎರಡು ಮಾಡಿ. ಹದಿನಾರು ಸ್ಪೀಕರ್ ಇದ್ದರೂ ನಾಲ್ಕು ಅಳತೆಯಲ್ಲಿ ಕೆಟ್ಟದ್ದು ಸಿಕ್ಕಿಬಿಡುತ್ತದೆ.